ಕುನ್ನಿ ಪಡಸಾಲಿಗೆ ಬಂದ ಮ್ಯಾಲೆ

ಮಂಡ್ಯ ಜಿಲ್ಲಾದ ಆತಕೂರಿನ ವೀರಗಲ್ಲಿನ ಸುದ್ದಿ ಕೇಳೀರೇನ್ರೀ? ಕ್ರಿ.ಶ. 950ರ ಸುಮಾರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಜಿಯಂನಾಗ ಅದ. ಯುದ್ಧದಾಗ ಮಣಲೇರನ ಶೌರ್ಯ ಮೆಚ್ಚಿ ಗಂಗರ ರಾಜಾ ಬೂತುಗ ‘ಏನ ಬೇಕು ಕೇಳು’ ಅಂದ್ರ, ಅವಾ ‘ಕಾಳಿ’ ಅನ್ನೋ ನಾಯಿ ಬೇಡಿದ. ಕಾಳಿ ಕಾಡಹಂದಿ ಜೋಡಿ ಕಾದಾಡಿ ಸತ್ತಿತು, ಅದರ ನೆನಪಿಗೆ ಕಲ್ಲು ನಿಲ್ಲಿಸಿದ್ರು. ಕಾಳಿ ಸಣ್ಣದಿದ್ದಾಗ ಉಚ್ಚಿ ಯಾರು ಒರಸಿದ್ರು ಅಂತ ಕಲ್ಲಿನ್ಯಾಗ ಬರದಿಲ್ಲ. ಒರಸೋ ಪ್ರಸಂಗನ ಬಂದಿರಲಿಕ್ಕಿಲ್ಲ ಬಿಡ್ರಿ.

ನಮ್ಮ ಹಳೇ ಮನಿಗಳೊಳಗೂ ನಾಯಿ ಜಾಗಾ ಹೊರಗ: ಕಟ್ಟಿ, ಅಂಗಳ, ಹಿತ್ತಲ. ಕುನ್ನಿ ಎಲ್ಲಿ ಕೂತ್ರೂ ಮಣ್ಣು ಹೀರಕೋತಿತ್ತು. ಮುಂದ ಸೆಗಣಿ ಸಾರಿಸಿದ ನೆಲ ಹೋಗಿ ಫರಸಿ ಬಂತು, ಆಮ್ಯಾಲೆ ಟೈಲ್ಸ್. ಈಗ ಮೂರನೇ ಮಜಲಿನ ಫ್ಲ್ಯಾಟು, ಸದಾ ಹಾಕಿದ ಬಾಗಲಾ. ನೆಲ ಬದಲು ಮಾಡಿದವರು ನಾವು, ಬೈಸಿಕೊಳ್ಳೋದು ಮಾತ್ರ ಕುನ್ನಿ.

ಉಚ್ಚಿಯೊಳಗ ಮೂಗು ತಿಕ್ಕಿ ಹೊಡಿಯೋ ಹಳೇ ಪದ್ಧತಿ ಇನ್ನೂ ಹೋಗಿಲ್ಲ. ನನಗಂತೂ ಅದನ್ನ ನೋಡಿದ್ರ ಹೊಟ್ಟ್ಯಾಗ ಸಂಕಟ ಆಗತದ. ಪೆಟ್ಟು ತಿಂದ ಕುನ್ನಿ ಅಂಜಿ, ಮುಂದ ಸೋಫಾದ ಹಿಂದ ಹೋಗಿ ಮಾಡತದ, ಅಷ್ಟ. ಎರಡು ತಿಂಗಳ ಕೂಸು, ಎರಡು-ಮೂರು ತಾಸಿಗಿಂತ ಹೆಚ್ಚು ತಡಕೊಳ್ಳಾಕ ಆಗೂದಿಲ್ಲ. ಎದ್ದ ಕೂಡಲೇ, ಉಂಡ ಮ್ಯಾಲೆ, ಆಡಿದ ಮ್ಯಾಲೆ ಕೆಳಗ ಒಂದ ಜಾಗಾಕ್ಕ ಒಯ್ರಿ. ಅಲ್ಲೇ ಮಾಡಿದ್ರ ಆಗಿಂದಾಗ ‘ಶಾಣ್ಯಾ’ ಅಂತ ತಲಿ ಸವರ್ರಿ. ಒಳಗ ಮಾಡಿದ್ದನ್ನ ವಾಸನಿ ಪೂರಾ ಹೋಗೂಹಂಗ ತೊಳೀರಿ. ಫಿನಾಯಿಲ್ ವಾಸನಿ ನಮಗ ಸಾಕು, ಅದರ ಮೂಗಿಗೆ ಸಾಲೂದಿಲ್ಲ.

ನಮ್ಮನಿ ಕುನ್ನಿಗೆ ಈಗ ಮೂರು ತಿಂಗಳಾತು. ಇವತ್ತ ಎರಡ ಸಲ ಒರಸೀನಿ.