ಮಾದರಿ ವಿಮಾನದ ಸ್ಟಾರ್ಟರ್: ಒಳಗಿರಬೇಕೇ, ನೆಲದ ಮೇಲಿರಬೇಕೇ?

ಪೆಟ್ರೋಲ್ ಎಂಜಿನ್ ತಾನಾಗಿಯೇ ಚಾಲನೆಗೊಳ್ಳಲಾರದು. ಮೊದಲ ಕೆಲವು ಸುತ್ತುಗಳನ್ನು ಬೇರೊಂದು ಶಕ್ತಿ ತಿರುಗಿಸಿಕೊಡಬೇಕು. ಆ ಶಕ್ತಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಹಿಂದೆ ಕಾರಿನ ಮುಂಭಾಗಕ್ಕೆ ಹಿಡಿಕೆ ತೂರಿಸಿ ಕೈಯಿಂದ ತಿರುಗಿಸುತ್ತಿದ್ದರು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿಯುವ ಅಪಾಯವಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ತಪ್ಪಿತು. ಕಾರಿಗೆ ಕೆಲವು ಕಿಲೋಗ್ರಾಂ ಹೆಚ್ಚುವರಿ ತೂಕ ದೊಡ್ಡ ಹೊರೆಯಲ್ಲ.

ವಿಮಾನದ ಲೆಕ್ಕ ಬೇರೆ. ಅಲ್ಲಿ ಪ್ರತಿಯೊಂದು ಗ್ರಾಂ ತೂಕವನ್ನೂ ರೆಕ್ಕೆಗಳೇ ಹೊರಬೇಕು. ಆದ್ದರಿಂದ ಬ್ರಿಟನ್ನಿನ ವಿಮಾನಚಾಲಕ ಬೆಂಟ್‌ಫೀಲ್ಡ್ ಹಕ್ಸ್ ಅವರ ಹೆಸರು ಹೊತ್ತ ‘ಹಕ್ಸ್ ಸ್ಟಾರ್ಟರ್’ ವಿಮಾನದೊಳಗೆ ಇರಲಿಲ್ಲ. ಅದನ್ನು ಮೋಟಾರು ವಾಹನವೊಂದರ ಮೇಲೆ ಕೂರಿಸಲಾಗಿತ್ತು. ವಾಹನದ ಎಂಜಿನ್ನೇ ಉದ್ದನೆಯ ದಂಡದ ಮೂಲಕ ವಿಮಾನದ ಪ್ರೊಪೆಲ್ಲರನ್ನು ತಿರುಗಿಸುತ್ತಿತ್ತು. ವಿಮಾನ ಮೇಲೇರುತ್ತಿತ್ತು, ಸ್ಟಾರ್ಟರ್ ನೆಲದಲ್ಲೇ ಉಳಿಯುತ್ತಿತ್ತು. ಭಾರತದಲ್ಲಿಯೂ ಅನೇಕ ಪೈಲಟ್‌ಗಳಿಗೆ ತರಬೇತಿ ನೀಡಿದ ಟೈಗರ್ ಮಾತ್ ವಿಮಾನದ ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸುತ್ತಿದ್ದರು.

ಮಾದರಿ ವಿಮಾನಗಳು ಇದೇ ಹಾದಿ ಹಿಡಿದವು. 1930ರ ದಶಕದಲ್ಲಿ ಅಮೆರಿಕದಲ್ಲಿ ‘ಬ್ರೌನ್ ಜೂನಿಯರ್’ ಎಂಬ, ಸುಮಾರು 10 ಸಿಸಿಯ ಪೆಟ್ರೋಲ್ ಎಂಜಿನ್ ಪ್ರಸಿದ್ಧವಾಯಿತು. ಅದಕ್ಕೆ ವಿದ್ಯುತ್ ಕಿಡಿ ಬೇಕಿತ್ತು. ಹಾಗಾಗಿ ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳೆಲ್ಲವನ್ನೂ ಪುಟ್ಟ ವಿಮಾನವೇ ಹೊರಬೇಕಾಗಿತ್ತು. 1947ರಲ್ಲಿ ರೇ ಆರ್ಡನ್ ಅವರ ಗ್ಲೋ ಪ್ಲಗ್ ಬಂದಾಗ ಈ ಭಾರ ಇಳಿಯಿತು. ಅದರೊಳಗಿನ ಪ್ಲಾಟಿನಂ ತಂತಿಸುರುಳಿಯನ್ನು 1.5 ವೋಲ್ಟ್ ಬ್ಯಾಟರಿಯಿಂದ ಕೆಂಪಗೆ ಕಾಯಿಸಿ ಎಂಜಿನ್ ಆರಂಭಿಸಿದರೆ ಸಾಕು. ಅನಂತರ ದಹನದ ಶಾಖ ಹಾಗೂ ಮೆಥನಾಲ್ ಆವಿಯೊಡನೆ ಪ್ಲಾಟಿನಂ ನಡೆಸುವ ಕ್ರಿಯೆ ಸುರುಳಿಯನ್ನು ಬಿಸಿಯಾಗಿಯೇ ಇಡುತ್ತವೆ. ಬ್ಯಾಟರಿಯನ್ನು ನೆಲದಲ್ಲೇ ಬಿಟ್ಟು ಹಾರಬಹುದು.

ಆದರೆ ಪ್ರೊಪೆಲ್ಲರನ್ನು ಬೆರಳಿನಿಂದಲೇ ತಿರುವಬೇಕಿತ್ತು. ಎಂಜಿನ್ ಒಮ್ಮೆಲೇ ಹೊತ್ತಿಕೊಂಡರೆ ಪ್ರೊಪೆಲ್ಲರ್ ಬೆರಳನ್ನು ಆಳವಾಗಿ ಸೀಳಬಲ್ಲದು. ಇದಕ್ಕೆ ಪರಿಹಾರವಾಗಿ ರಬ್ಬರ್ ಹೊದಿಸಿದ ಕೋಲು, ಬಳಿಕ 12 ವೋಲ್ಟಿನ ಕೈಸ್ಟಾರ್ಟರ್ ಬಳಕೆಗೆ ಬಂದವು. ಅಂದರೆ ಹಕ್ಸ್ ಅವರ ಉಪಾಯವೇ ಚಿಕ್ಕ ರೂಪದಲ್ಲಿ ಮರಳಿ ಬಂತು!

ಹಾಗಾದರೆ ವಿದ್ಯುತ್ ಸ್ಟಾರ್ಟರನ್ನು ಮಾದರಿಯ ಒಳಗೇ ಕೂರಿಸಿದರೆ ಏನು ಲಾಭ? ಬೆರಳು ಪ್ರೊಪೆಲ್ಲರಿನ ಬಳಿ ಹೋಗಬೇಕಿಲ್ಲ. ದೂರ ನಿಂತು ರೇಡಿಯೋ ಮೂಲಕವೇ ಚಾಲನೆ ನೀಡಬಹುದು. ಎರಡು ಎಂಜಿನ್ನುಗಳ ಮಾದರಿಯಲ್ಲಿ ಒಂದು ನಿಂತುಹೋದರೆ ಮತ್ತೆ ಆರಂಭಿಸಬಹುದು. ಎತ್ತರದಲ್ಲಿ ಎಂಜಿನ್ ನಿಂತರೂ ಇನ್ನೊಂದು ಅವಕಾಶ ಸಿಗುತ್ತದೆ.

ಬಾಧಕಗಳೂ ಕಡಿಮೆಯಿಲ್ಲ. 2 ಕೆ.ಜಿ. ಮಾದರಿಗೆ ಮೋಟಾರು, ಹಲ್ಲುಚಕ್ರ, ಬ್ಯಾಟರಿಗಳೆಲ್ಲ ಸೇರಿ 200 ಗ್ರಾಂ ಹೆಚ್ಚಿತೆನ್ನಿ. ತೂಕ ಶೇಕಡಾ 10ರಷ್ಟು ಏರಿದಂತಾಯಿತು. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಸುಮಾರು ಶೇಕಡಾ 5ರಷ್ಟು ಹೆಚ್ಚುತ್ತದೆ. ನೆಲಕ್ಕಿಳಿಯುವುದು ಅಷ್ಟು ಕಠಿಣವಾಗುತ್ತದೆ. ಗ್ಲೋ ಪ್ಲಗ್ ಕಾಯಿಸಲು ಬೇಕಾದ ಬ್ಯಾಟರಿಯೂ ಮರಳಿ ವಿಮಾನದೊಳಗೆ ಸೇರುತ್ತದೆ. ಸಿಲಿಂಡರಿನಲ್ಲಿ ಇಂಧನ ಅತಿಯಾಗಿ ತುಂಬಿದ್ದರೆ ಬೆರಳು ಆ ಬಿಗಿತವನ್ನು ಗುರುತಿಸುತ್ತದೆ. ಮೋಟಾರಿಗೆ ಆ ಅರಿವಿಲ್ಲ. ಬಲವಂತವಾಗಿ ತಿರುಗಿಸಿ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಇಂಧನ ಮುಗಿದೋ ಮಿಶ್ರಣ ತಪ್ಪಿಯೋ ನಿಂತ ಎಂಜಿನ್ನಿಗೆ ಸ್ಟಾರ್ಟರ್ ಪರಿಹಾರವೂ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸ್ವಿಚ್ ತಪ್ಪಿ ಒತ್ತಿದರೆ ನಿಂತಿದ್ದ ಪ್ರೊಪೆಲ್ಲರ್ ಅನಿರೀಕ್ಷಿತವಾಗಿ ತಿರುಗೀತು. ಬೆರಳು ಉಳಿಸಲು ಬಂದ ಸಾಧನವೇ ಬೆರಳಿಗೆ ಎರವಾದೀತು.

ತೂಕದ ಬೆಲೆ ಎಷ್ಟೆಂಬುದಕ್ಕೆ 2003ರ ಆಗಸ್ಟ್ ತಿಂಗಳ ಒಂದು ಸಾಹಸವೇ ಸಾಕ್ಷಿ. ಅಮೆರಿಕದ ಮೇನಾರ್ಡ್ ಹಿಲ್ ಅವರ ತಂಡದ ಮಾದರಿ ವಿಮಾನವೊಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಸುಮಾರು 39 ಗಂಟೆಗಳ ಬಳಿಕ ಐರ್ಲೆಂಡಿನಲ್ಲಿ ಇಳಿಯಿತು. ಅಟ್ಲಾಂಟಿಕ್ ದಾಟಿದ ಆ ಮಾದರಿಯ ತೂಕ, ಅಂತರರಾಷ್ಟ್ರೀಯ ನಿಯಮದ 5 ಕೆ.ಜಿ. ಮಿತಿಯೊಳಗಿತ್ತು, ಅದರಲ್ಲಿ ಅರ್ಧದಷ್ಟು ಇಂಧನವೇ. ಅಂಥ ಹಾರಾಟದಲ್ಲಿ ಕ್ಷಣಮಾತ್ರದ ಕೆಲಸದ ಸ್ಟಾರ್ಟರನ್ನು ಹೊತ್ತರೆ, ಅಷ್ಟು ತೂಕದ ಇಂಧನವನ್ನು ಬಿಟ್ಟುಕೊಡಬೇಕಾಗುತ್ತದೆ.

ಈ ಚರ್ಚೆಗೆ ಕಾಲವೇ ಇನ್ನೊಂದು ತಿರುವು ನೀಡಿತು. ಹಗುರವಾದ ಲಿಥಿಯಂ ಬ್ಯಾಟರಿಗಳೂ ಬ್ರಷ್‌ರಹಿತ ಮೋಟಾರುಗಳೂ ಸುಲಭವಾಗಿ ದೊರೆಯತೊಡಗಿದ ಮೇಲೆ, ಸ್ಟಾರ್ಟರಾಗಿ ಒಳಬರಲು ತಡಕಾಡುತ್ತಿದ್ದ ವಿದ್ಯುತ್ ಮೋಟಾರೇ ಅನೇಕ ಮಾದರಿಗಳಲ್ಲಿ ಎಂಜಿನ್ನಿನ ಸ್ಥಾನವನ್ನು ಆಕ್ರಮಿಸಿತು. ಅದಕ್ಕೆ ಬೇರೆ ಸ್ಟಾರ್ಟರ್ ಬೇಕಿಲ್ಲ. ಆದರೆ ಸದ್ದಿಲ್ಲದೆ ತಿರುಗಲು ಸಿದ್ಧವಾಗಿರುವ ಪ್ರೊಪೆಲ್ಲರಿನ ಬಗ್ಗೆ ಎಚ್ಚರ ಮೊದಲಿನಷ್ಟೇ ಬೇಕು.

ಎನ್.ಸಿ.ಸಿ. ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಯುವ ವಿದ್ಯಾರ್ಥಿಗಳು ಈ ಇತಿಹಾಸದಿಂದ ಒಂದು ಸೂತ್ರವನ್ನು ಪಡೆಯಬಹುದು. ವಿಮಾನಕ್ಕೆ ಯಾವುದೇ ಸಾಧನವನ್ನು ಸೇರಿಸುವ ಮುನ್ನ, ಅದು ಹಾರಾಟದ ಎಷ್ಟು ಹೊತ್ತು ದುಡಿಯುತ್ತದೆ, ಎಷ್ಟು ಹೊತ್ತು ಬರಿದೇ ಹೊರೆಯಾಗುತ್ತದೆ ಎಂದು ಕೇಳಬೇಕು. ಎರಡು ಎಂಜಿನ್ನುಗಳ ದೊಡ್ಡ ಮಾದರಿಗೆ ಒಳಗಿನ ಸ್ಟಾರ್ಟರ್ ಸಾರ್ಥಕವಾದೀತು. ಕಲಿಯುವವರ ಚಿಕ್ಕ ಮಾದರಿಗೆ ನೆಲದ ಮೇಲಿನ ಸ್ಟಾರ್ಟರೇ ಲೇಸು.