ಮನೆಯ ಪ್ರೊಜೆಕ್ಟರ್: ಎಷ್ಟು ಲ್ಯುಮೆನ್ ಬೇಕು?

ಮನೆಗೆ ಪ್ರೊಜೆಕ್ಟರ್ ಕೊಳ್ಳಹೊರಟವರು ಮೊದಲು ವಿಚಾರಿಸುವುದು ಲ್ಯುಮೆನ್ ಸಂಖ್ಯೆಯನ್ನು. ಆದರೆ ಲ್ಯುಮೆನ್ ಎಂಬುದು ಯಂತ್ರ ಹೊರಸೂಸುವ ಒಟ್ಟು ಬೆಳಕಿನ ಅಳತೆ ಮಾತ್ರ. ಆ ಬೆಳಕು, ಪರದೆಯ ಗಾತ್ರ ಹಾಗೂ ಕೋಣೆಯಲ್ಲಿನ ಇತರ ಬೆಳಕು, ಈ ಮೂರೂ ಹೊಂದಿಕೊಂಡಾಗಲಷ್ಟೇ ಚಿತ್ರ ಚೆನ್ನಾಗಿ ಮೂಡುತ್ತದೆ. ಇದನ್ನು ಅರಿಯದೆ ಹೆಚ್ಚು ಹಣ ತೆತ್ತರೂ ಮಂಕು ಚಿತ್ರವೇ ಗತಿಯಾಗಬಹುದು.

ಪರದೆಯ ಲೆಕ್ಕ

ಲ್ಯುಮೆನ್ ಸಂಖ್ಯೆಯನ್ನು ಪರದೆಯ ವಿಸ್ತೀರ್ಣದಿಂದ (ಚದರ ಮೀಟರ್‌ಗಳಲ್ಲಿ) ಭಾಗಿಸಿದರೆ ಅದರ ಮೇಲೆ ಬೀಳುವ ಬೆಳಕು ಲಕ್ಸ್ ಮಾನದಲ್ಲಿ ದೊರೆಯುತ್ತದೆ. 16:9 ಅನುಪಾತದ 100 ಅಂಗುಲ ಪರದೆಯ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಡಿಜಿಟಲ್ ಚಿತ್ರಮಂದಿರಗಳಲ್ಲಿ ಬಿಳಿ ಬಣ್ಣಕ್ಕೆ ನಿಗದಿಯಾದ ಪ್ರಖರತೆ ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಸಾಧಾರಣ ಬಿಳಿ ಪರದೆಯಲ್ಲಿ ಇದಕ್ಕೆ ಸುಮಾರು 150 ಲಕ್ಸ್, ಅಂದರೆ 100 ಅಂಗುಲಕ್ಕೆ ಸುಮಾರು 415 ಲ್ಯುಮೆನ್ ಸಾಕು. ಪರದೆ 150 ಅಂಗುಲವಾದರೆ ವಿಸ್ತೀರ್ಣ ಎರಡೂಕಾಲು ಪಟ್ಟಾಗಿ, ಸುಮಾರು 930 ಲ್ಯುಮೆನ್ ಬೇಕಾಗುತ್ತದೆ.

ಕೋಣೆಯ ಬೆಳಕು

ಪ್ರೊಜೆಕ್ಟರ್ ಬೆಳಕನ್ನು ಬೀರಬಲ್ಲದೇ ಹೊರತು ಕಪ್ಪನ್ನಲ್ಲ. ಯಂತ್ರ ಆರಿರುವಾಗ ಪರದೆ ಎಷ್ಟು ಬೆಳ್ಳಗೆ ಕಾಣುವುದೋ, ಚಿತ್ರದಲ್ಲಿನ ಕಪ್ಪು ಅದಕ್ಕಿಂತ ಗಾಢವಾಗಲಾರದು.

100 ಅಂಗುಲ ಪರದೆಗೆ 2,000 ಲ್ಯುಮೆನ್ ಬಿದ್ದರೆ ಸುಮಾರು 725 ಲಕ್ಸ್. ಕೋಣೆಯ ದೀಪದಿಂದ ಪರದೆಯ ಮೇಲೆ 100 ಲಕ್ಸ್ ಬೀಳುತ್ತಿದ್ದರೆ ಬಿಳಿಯು ಕಪ್ಪಿಗಿಂತ ಕೇವಲ 8 ಪಟ್ಟು ಪ್ರಖರ. ಯಂತ್ರವನ್ನು 4,000 ಲ್ಯುಮೆನ್‌ಗೆ ಏರಿಸಿದರೂ ಇದು 15 ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬದಲಿಗೆ ದೀಪ ಆರಿಸಿ, ದಪ್ಪ ಪರದೆಗಳಿಂದ ಕಿಟಕಿ ಮುಚ್ಚಿ ಆ ಬೆಳಕನ್ನು 5 ಲಕ್ಸ್‌ಗೆ ಇಳಿಸಿದರೆ, 2,000 ಲ್ಯುಮೆನ್ ಯಂತ್ರದಲ್ಲೇ ಅಂತರ ಸುಮಾರು 145 ಪಟ್ಟಿಗೆ ಏರಬಲ್ಲದು. ಬಿಳಿ ಗೋಡೆ, ಬಿಳಿ ಛಾವಣಿಗಳು ಚಿತ್ರದ ಬೆಳಕನ್ನೇ ಪರದೆಗೆ ಮರಳಿಸುವುದರಿಂದ ಪರದೆಯ ಸುತ್ತ ಗಾಢ ಬಣ್ಣ ಲೇಸು.

ಪರದೆಯ ಬಗೆ

ಗೇನ್ 1ಕ್ಕಿಂತ ಹೆಚ್ಚಿರುವ ಪರದೆ ಎದುರಿಗೆ ಕುಳಿತವರಿಗೆ ಹೆಚ್ಚು ಪ್ರಖರವಾಗಿಯೂ ಬದಿಯಲ್ಲಿರುವವರಿಗೆ ಮಂಕಾಗಿಯೂ ಕಾಣುತ್ತದೆ. ಸಾಮಾನ್ಯ ಬೂದು ಪರದೆ ದೀಪದ ಬೆಳಕಿನೊಡನೆ ಚಿತ್ರದ ಬೆಳಕನ್ನೂ ಅಷ್ಟೇ ತಗ್ಗಿಸುತ್ತದೆ. ಛಾವಣಿಯ ದೀಪದ ಬೆಳಕನ್ನು ನೋಡುಗರಿಂದ ಆಚೆಗೆ ತಿರುಗಿಸುವ ವಿಶೇಷ ಪರದೆಗಳೂ ಉಂಟು. ಬೆಲೆ ಹೆಚ್ಚು, ಪ್ರೊಜೆಕ್ಟರ್ ಇಡುವ ಸ್ಥಾನಕ್ಕೆ ಅವು ಹೊಂದಲೇಬೇಕು.

ಕೊಳ್ಳುವ ಮುನ್ನ

ಪೆಟ್ಟಿಗೆಯ ಮೇಲೆ ಆನ್ಸಿ ಅಥವಾ ಐಎಸ್‌ಒ ಲ್ಯುಮೆನ್ ನಮೂದಾಗಿದೆಯೇ ಎಂದು ಪರಿಶೀಲಿಸಬೇಕು. ಮಾನದಂಡ ಹೇಳದ ಭಾರಿ ಸಂಖ್ಯೆಗಳನ್ನು ನಂಬಲಾಗದು. ಬಣ್ಣ ಸಹಜವಾಗಿ ಕಾಣುವ ಸಿನಿಮಾ ವಿಧಾನದಲ್ಲಿ ಬೆಳಕು ಗಣನೀಯವಾಗಿ ತಗ್ಗುತ್ತದೆ. ದೀಪದ ಆಯುಸ್ಸು ಮುಗಿಯುವ ಹೊತ್ತಿಗೆ ಪ್ರಖರತೆ ಅರ್ಧಕ್ಕೆ ಇಳಿಯುವುದೂ ಸಾಮಾನ್ಯ. ಆದ್ದರಿಂದ ಕತ್ತಲೆ ಕೋಣೆಗೆ ಲೆಕ್ಕದ ಮೂರು ಪಟ್ಟು, ಅಂದರೆ 100 ಅಂಗುಲಕ್ಕೆ ಸುಮಾರು 1,250 ಲ್ಯುಮೆನ್ ಇದ್ದರೆ ಕ್ಷೇಮ. ಹಗಲಿನಲ್ಲಿ ಕಿಟಕಿ ತೆರೆದೇ ಕ್ರಿಕೆಟ್ ನೋಡುವ ಮನೆಗೆ ದೊಡ್ಡ ಟಿವಿಯೇ ಮೇಲು. ಉಳಿದವರು ಮೊದಲ ಹಣವನ್ನು ಕಿಟಕಿಯ ಪರದೆಗೆ ವ್ಯಯಿಸುವುದು ಜಾಣತನ.