ಗಾಳಿಯಿಂದ ಗೊಬ್ಬರ: ಸಾರಜನಕದ ಬರ ನೀಗಿದ ಬಗೆ

19ನೇ ಶತಮಾನದ ಯುರೋಪಿನ ಹೊಲಗಳು ಫಸಲಿಗಾಗಿ ಪೆರುವಿನ ಚಿಂಚಾ ದ್ವೀಪಗಳ ಕಡಲಹಕ್ಕಿಗಳ ಹಿಕ್ಕೆಯನ್ನು ನೆಚ್ಚಿಕೊಂಡಿದ್ದವು. ಶತಮಾನಗಳಿಂದ ಬೆಟ್ಟದಂತೆ ಬೆಳೆದಿದ್ದ ಆ ಗ್ವಾನೊ ರಾಶಿ ಕೆಲವೇ ದಶಕಗಳಲ್ಲಿ ಕರಗಿತು. ಬಳಿಕ ಎಲ್ಲರ ಕಣ್ಣು ಅಟಕಾಮಾ ಮರುಭೂಮಿಯ ಸಾರಜನಕವುಳ್ಳ ನೈಟ್ರೇಟ್ ನಿಕ್ಷೇಪಗಳ ಮೇಲೆ ಬಿತ್ತು. ಅವುಗಳಿಗಾಗಿ 1879ರಲ್ಲಿ ಚಿಲಿ, ಪೆರು ಮತ್ತು ಬೊಲಿವಿಯಾ ನಡುವೆ ಯುದ್ಧವೇ ನಡೆಯಿತು.

1898ರಲ್ಲಿ ಬ್ರಿಸ್ಟಲ್ ನಗರದಲ್ಲಿ ಮಾತನಾಡಿದ ರಸಾಯನವಿಜ್ಞಾನಿ ವಿಲಿಯಂ ಕ್ರುಕ್ಸ್, ನೈಟ್ರೇಟ್ ಮುಗಿದರೆ ಗೋಧಿಗೂ ಬರ ಬರುತ್ತದೆ ಎಂದು ಎಚ್ಚರಿಸಿದರು; ದಾರಿ ಇರುವುದು ಪ್ರಯೋಗಾಲಯದಲ್ಲಿ ಎಂದೂ ಹೇಳಿದರು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದ್ದರೂ ಅದರ ಪರಮಾಣುಗಳು ಜೋಡಿಜೋಡಿಯಾಗಿ ಬಿಗಿದುಕೊಂಡಿರುವುದರಿಂದ ಬೆಳೆಗೆ ದಕ್ಕುವುದಿಲ್ಲ. ಆ ಬಿಗಿತ ಬಿಡಿಸುವ ವಿದ್ಯೆ ದ್ವಿದಳ ಧಾನ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳಿಗೆ ಗೊತ್ತೆಂಬುದು 1880ರ ದಶಕದಲ್ಲೇ ತಿಳಿದಿತ್ತು. ನಾರ್ವೆಯವರು ವಿದ್ಯುತ್ ಕಿಡಿಯಿಂದ ಆ ಕೆಲಸ ಮಾಡಿ ತೋರಿಸಿದರು. ಆದರೆ ಅದು ನುಂಗುತ್ತಿದ್ದ ವಿದ್ಯುತ್ತಿನ ವೆಚ್ಚ ಅಗ್ಗದ ಜಲವಿದ್ಯುತ್ ಇದ್ದಲ್ಲಿ ಮಾತ್ರ ಗಿಟ್ಟುತ್ತಿತ್ತು.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್, ಸಾರಜನಕ ಮತ್ತು ಜಲಜನಕವನ್ನು ಭಾರೀ ಒತ್ತಡದಲ್ಲಿ ಕಾಯಿಸಿ ಅಮೋನಿಯಾವನ್ನು ಹನಿಹನಿಯಾಗಿ ಇಳಿಸಿದರು. ಅದನ್ನು ಕಾರ್ಖಾನೆಗೆ ತರುವ ಹೊಣೆ ಬಾಸ್ಫ್ ಕಂಪನಿಯ ಕಾರ್ಲ್ ಬಾಷ್ ಅವರದಾಯಿತು. ಬಿಸಿ ಜಲಜನಕ ಉಕ್ಕಿನ ಕೊಳವೆಯೊಳಗೆ ಹೊಕ್ಕು ಅಲ್ಲಿನ ಇಂಗಾಲವನ್ನು ತಿಂದುಹಾಕುತ್ತಿತ್ತು. ಪೆಡಸಾದ ಕೊಳವೆ ಸಿಡಿಯುತ್ತಿತ್ತು. ಬಾಷ್ ಒಳಗೆ ಇಂಗಾಲ ತೀರ ಕಡಿಮೆಯಿರುವ ಮೆದು ಕಬ್ಬಿಣದ ಅಸ್ತರಿ ಕೊಟ್ಟರು. ಅದನ್ನು ದಾಟಿಬಂದ ಅನಿಲ ಹೊರಹೋಗಲೆಂದು ಹೊರಗಿನ ಉಕ್ಕಿಗೆ ಸಣ್ಣ ತೂತುಗಳನ್ನು ಕೊರೆಸಿದರು. 1913ರಲ್ಲಿ ಓಪ್ಪಾವು ಕಾರ್ಖಾನೆ ಶುರುವಾಯಿತು. ಮರುವರ್ಷವೇ ಮಹಾಯುದ್ಧ, ಅದೇ ಅಮೋನಿಯಾ ಮದ್ದುಗುಂಡಿಗೂ ಒದಗಿತು.

ನಮ್ಮಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಗೊಬ್ಬರದ ಕಾರ್ಖಾನೆ ತಲೆಯೆತ್ತಿತ್ತು. ಮುಂದೆ ಸಿಂದ್ರಿ, ಪಣಂಬೂರುಗಳು ಬಂದವು. ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಅಮೋನಿಯಾದಿಂದ ತಯಾರಾದ ಯೂರಿಯಾ ಉಂಡೇ ತೆನೆ ತುಂಬಿಕೊಂಡವು. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಅನ್ನಕ್ಕೆ ಹೇಬರ್-ಬಾಷ್ ವಿಧಾನವೇ ಆಧಾರ.

ಹಾಗೆಂದು ಲೆಕ್ಕ ಚುಕ್ತಾ ಆಗಲಿಲ್ಲ. ಸಾರಜನಕ ಗಾಳಿಯಿಂದ ಬಿಟ್ಟಿ ಸಿಕ್ಕರೂ ಜಲಜನಕ ಬರುವುದು ಬಹುಪಾಲು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ. ಗಣಿಯ ಮೇಲಿದ್ದ ಹಂಗು ಇಂಧನದ ಮೇಲೆ ಬಿತ್ತು. ಹೊಲಕ್ಕೆ ಎರಚಿದ ಯೂರಿಯಾದಲ್ಲಿ ದೊಡ್ಡ ಪಾಲು ಬೆಳೆಗೆ ಸೇರದೆ ಗಾಳಿಗೂ ಅಂತರ್ಜಲಕ್ಕೂ ಹೋಗುತ್ತದೆ. 2015ರಲ್ಲಿ ಭಾರತ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿದ್ದು ಈ ಸೋರಿಕೆಗೆ ತಡೆಯಾಗಲೆಂದು. ಈಗಿನ ಸಂಶೋಧನೆ ಸೌರ, ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆಯುವತ್ತ ಸಾಗಿದೆ.

ಬೆಳೆಗೆ ಬೇಕಾದ ಇನ್ನೊಂದು ಪೋಷಕಾಂಶ ರಂಜಕದ ಮಾತು ಬೇರೆ. ಅದು ಗಾಳಿಯಲ್ಲಿಲ್ಲ, ಅದಕ್ಕೆ ಬದಲಿಯೂ ಇಲ್ಲ; ಜಗತ್ತಿನ ರಂಜಕ ಶಿಲೆಯ ಸಿಂಹಪಾಲು ಮೊರಾಕ್ಕೊ ವಶದಲ್ಲಿದೆ. ಅದನ್ನು ಯಾವ ಹೇಬರ್ ಬಂದರೂ ತಯಾರಿಸಲಾರ. ನಗರದ ಚರಂಡಿಗೆ ಹರಿದುಹೋಗುವ ರಂಜಕವನ್ನು ಹಿಡಿದು ಹೊಲಕ್ಕೆ ಮರಳಿಸುವುದೇ ಮುಂದಿನ ಕೆಲಸ. ಅದಕ್ಕೆ ಪ್ರಯೋಗಾಲಯದಷ್ಟೇ ನಗರಸಭೆಯೂ ಬೇಕು.